ಮಗನ ಮೂಗಿನ ಮೂಳೆ ಸೊಟ್ಟ ಇದೆ ಅಂದಾಗ: ಹದಿಹರೆಯದ ಮಕ್ಕಳ ಆಪರೇಷನ್‌ಗೆ ಅಪ್ಪ ಅಮ್ಮಂದಿರ ತಯಾರಿ

ನನ್ನ ಮಗನಿಗೆ 11 ವರ್ಷ ಇದ್ದಾಗ ಕ್ರಿಕೆಟ್ ಚೆಂಡು ಮೂಗಿಗೆ ಬಡಿದಿತ್ತು. ರಕ್ತ ಬಂತು, ಐಸ್ ಇಟ್ಟೆವು, ನಿಂತಿತು. ಮನೆಯಲ್ಲಿ ಎಲ್ಲರೂ ಮರೆತೇಬಿಟ್ಟೆವು. ಹೈಸ್ಕೂಲಿಗೆ ಬಂದಮೇಲೆ ಅವನು ಬಾಯಿ ತೆರೆದು ಮಲಗುತ್ತಿದ್ದ. ಗೊರಕೆ ಶುರುವಾಯಿತು. ಬೆಳಿಗ್ಗೆ ಎದ್ದರೆ ಗಂಟಲು ಒಣಗಿರುತ್ತಿತ್ತು, ಕ್ಲಾಸಿನಲ್ಲಿ ತೂಕಡಿಕೆ. 13ನೇ ವಯಸ್ಸಿನಲ್ಲಿ ಒಬ್ಬ ಡಾಕ್ಟರ್ ಟಾರ್ಚ್ ಬಿಟ್ಟು ನೋಡಿ, ಚೀಟಿಯಲ್ಲಿ ‘ಡಿಎನ್‌ಎಸ್’ (ಮೂಗಿನ ನಡುಗೋಡೆ ಸೊಟ್ಟ) ಅಂತ ಬರೆದು, ಮುಂದಿನ ವಾರವೇ ಆಪರೇಷನ್ ಮಾಡಿಸಿ ಅಂದರು. ನಾವು ಹೆದರಿ ವಾಪಸ್ ಬಂದೆವು. ಕೊನೆಗೆ ಆಪರೇಷನ್ ಆಗಿದ್ದು ಅವನಿಗೆ 16 ತುಂಬಿದ ಮೇಲೆ. ಆ ಮೂರು ವರ್ಷದಲ್ಲಿ ನಾನು ಕಲಿತಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಪರೇಷನ್ ಸುಮಾರು ಒಂದು ಗಂಟೆಯ ಕೆಲಸ, ಅದು ಡಾಕ್ಟರದು. ಅದಕ್ಕೆ ಮೊದಲಿನ ಎರಡು ತಿಂಗಳು ಮತ್ತು ಆಮೇಲಿನ ಮೂರು ವಾರ ಮಾತ್ರ ಪೂರ್ತಿ ನಮ್ಮ ಕೈಯಲ್ಲಿದೆ. ಹಾಗಾಗಿ ನಾನು ಆ ಎರಡರ ಬಗ್ಗೆಯೇ ಜಾಸ್ತಿ ಹೇಳುತ್ತೇನೆ.

ಹೆಜ್ಜೆ 1: ಏನು ಸೊಟ್ಟ ಆಗಿದೆ ಅಂತ ತಿಳಿದುಕೊಳ್ಳಿ

ನಮ್ಮ ಕಡೆ ಎಲ್ಲರೂ ‘ಮೂಗಿನ ಮೂಳೆ ಬೆಳೆದಿದೆ’ ಅನ್ನುತ್ತಾರೆ. ಸಾಮಾನ್ಯವಾಗಿ ಮೂಳೆ ಬೆಳೆದಿರುವುದಿಲ್ಲ. ಎರಡು ಹೊಳ್ಳೆಗಳ ನಡುವೆ ಒಂದು ಗೋಡೆ ಇದೆ. ಮುಂಭಾಗ ಕಿವಿಯ ಹಾಗೆ ಮೆತ್ತಗಿನ ಎಲುಬು, ಹಿಂಭಾಗ ಗಟ್ಟಿ ಮೂಳೆ. ಈ ನಡುಗೋಡೆ ಒಂದು ಕಡೆಗೆ ಬಾಗಿದ್ದರೆ ಅದೇ ಡಿಎನ್‌ಎಸ್. ಹುಟ್ಟಿನಿಂದಲೇ ಇರಬಹುದು, ಪೆಟ್ಟು ಬಿದ್ದು ಆಗಿರಬಹುದು, ಮುಖ ಬೆಳೆಯುವಾಗಲೂ ಬಾಗಬಹುದು. ಪೂರ್ತಿ ನೇರ ಗೋಡೆ ಇರುವವರು ಕಡಿಮೆಯೇ. ಆದ್ದರಿಂದ ಸ್ಕ್ಯಾನ್ ರಿಪೋರ್ಟಿನಲ್ಲಿ ‘ಸೊಟ್ಟ’ ಅಂತ ಬಂದ ಮಾತ್ರಕ್ಕೆ ಆಪರೇಷನ್ ಬೇಕು ಅಂತಲ್ಲ. ಮಗುವಿಗೆ ತೊಂದರೆ ಆಗುತ್ತಿದೆಯಾ ಅನ್ನುವುದೇ ಮುಖ್ಯ.

ಮನೆಯಲ್ಲೇ ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಬೆಳಿಗ್ಗೆ ಯಾವ ಹೊಳ್ಳೆ ಕಟ್ಟಿತ್ತು, ರಾತ್ರಿ ಯಾವುದು, ಸೀನು ಎಷ್ಟು ಬಂತು, ಮೂಗಿನಿಂದ ರಕ್ತ ಬಂತಾ, ಗೊರಕೆ ಇತ್ತಾ. ಇದರಿಂದ ಒಂದು ದೊಡ್ಡ ವಿಷಯ ಗೊತ್ತಾಗುತ್ತದೆ. ಎಲ್ಲರ ಮೂಗಿನಲ್ಲೂ ಕೆಲವು ಗಂಟೆಗೊಮ್ಮೆ ಒಂದು ಕಡೆ ಸ್ವಲ್ಪ ಊದಿ, ಇನ್ನೊಂದು ಕಡೆ ತೆರೆದುಕೊಳ್ಳುತ್ತದೆ. ಅದು ಸಹಜ. ಕಟ್ಟುವುದು ಒಮ್ಮೆ ಎಡ, ಒಮ್ಮೆ ಬಲ ಅಂತ ಬದಲಾಗುತ್ತಿದ್ದರೆ ಅಲರ್ಜಿ ಇರುವ ಸಾಧ್ಯತೆ ಜಾಸ್ತಿ. ವರ್ಷವಿಡೀ ಒಂದೇ ಕಡೆ ಕಟ್ಟಿಕೊಂಡಿದ್ದರೆ ಗೋಡೆಯ ಕಡೆ ಅನುಮಾನ ಹೋಗಬೇಕು.

ಇನ್ನೊಂದು ಸುಲಭದ ಪರೀಕ್ಷೆ ಇದೆ. ಹೊಳೆಯುವ ತಣ್ಣನೆ ಸ್ಟೀಲ್ ತಟ್ಟೆಯನ್ನು ಮೂಗಿನ ಕೆಳಗೆ ಹಿಡಿದು, ಬಾಯಿ ಮುಚ್ಚಿ ಉಸಿರು ಬಿಡಲು ಹೇಳಿ. ತಟ್ಟೆಯ ಮೇಲೆ ಎರಡು ಕಡೆ ಮಂಜು ಮೂಡುತ್ತದೆ. ನನ್ನ ಮಗನಿಗೆ ಎಡಗಡೆ ಹುಣಸೆ ಬೀಜದಷ್ಟು ಮಾತ್ರ ಮೂಡುತ್ತಿತ್ತು, ಬಲಗಡೆ ಅಂಗೈ ಅರ್ಧದಷ್ಟು. ಇದರಿಂದ ಕಾಯಿಲೆ ಪತ್ತೆ ಆಗುವುದಿಲ್ಲ, ಆದರೆ ಡಾಕ್ಟರ ಹತ್ತಿರ ಸ್ಪಷ್ಟವಾಗಿ ಮಾತಾಡಲು ಬರುತ್ತದೆ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಮಗುವಿನ ಮೂಗಿಗೆ ಈಗಷ್ಟೇ ಪೆಟ್ಟು ಬಿದ್ದಿದ್ದು, ಎರಡೂ ಹೊಳ್ಳೆ ಕಟ್ಟಿಕೊಂಡು, ನೋವು ಜಾಸ್ತಿ ಆಗುತ್ತಾ ಹೋದರೆ ಕಾಯಬೇಡಿ. ಅವತ್ತೇ ಇಎನ್‌ಟಿ ಡಾಕ್ಟರಿಗೆ ತೋರಿಸಿ. ನಡುಗೋಡೆಯ ಪದರದ ಒಳಗೆ ರಕ್ತ ನಿಂತಿರಬಹುದು. ಅದನ್ನು ಬೇಗ ತೆಗೆಯದಿದ್ದರೆ ಕೆಲವೇ ದಿನಗಳಲ್ಲಿ ಮೆತ್ತಗಿನ ಎಲುಬು ಸತ್ತು, ಮೂಗಿನ ನಡುಭಾಗ ತಗ್ಗಾಗಿಬಿಡುತ್ತದೆ.

ಹೆಜ್ಜೆ 2: ಮೊದಲು ಅಲರ್ಜಿಗೆ ಸರಿಯಾಗಿ ಔಷಧಿ ಮಾಡಿ

ನಾವು ತಪ್ಪಿದ್ದು ಇಲ್ಲೇ. ಮೂಗು ಕಟ್ಟಿದಾಗಲೆಲ್ಲ ಮೆಡಿಕಲ್ ಶಾಪಿನಿಂದ ಮೂಗಿನ ಡ್ರಾಪ್ಸ್ ತಂದು ಹಾಕುತ್ತಿದ್ದೆವು. ಹಾಕಿದ ಎರಡು ನಿಮಿಷಕ್ಕೆ ಮೂಗು ಬಿಡುತ್ತಿತ್ತು. ಆಕ್ಸಿಮೆಟಾಜೋಲಿನ್, ಕ್ಸೈಲೋಮೆಟಾಜೋಲಿನ್ ಇರುವ ಈ ಡ್ರಾಪ್ಸ್ ಮೂರರಿಂದ ಐದು ದಿನಕ್ಕಿಂತ ಹೆಚ್ಚು ಹಾಕಿದರೆ ಮೂಗು ಅದಕ್ಕೇ ಒಗ್ಗಿಕೊಂಡು, ಹಾಕದಿದ್ದರೆ ಇನ್ನೂ ಜೋರಾಗಿ ಕಟ್ಟುತ್ತದೆ. ಮಗ ತಿಂಗಳುಗಟ್ಟಲೆ ಹಾಕಿಕೊಂಡಿದ್ದ. ಅವನ ಬ್ಯಾಗಿನಲ್ಲೂ ಒಂದು ಬಾಟಲಿ ಇತ್ತು, ನನಗೆ ಗೊತ್ತೇ ಇರಲಿಲ್ಲ. ನಿಮ್ಮ ಮಗುವಿನ ಬ್ಯಾಗ್, ದಿಂಬಿನ ಕೆಳಗೆ ಒಮ್ಮೆ ನೋಡಿ. ಸಿಕ್ಕರೆ ಬೈಯಬೇಡಿ, ಡಾಕ್ಟರಿಗೆ ಹೇಳಿ. ಅದನ್ನು ಬಿಡಿಸಲಿಕ್ಕೂ ಒಂದು ಕ್ರಮ ಇದೆ.

ಬೇಕಾದದ್ದು ಬೇರೆ ಥರದ ಸ್ಪ್ರೇ. ಫ್ಲುಟಿಕಾಸೋನ್ ಅಥವಾ ಮೊಮೆಟಾಸೋನ್ ಇರುವ ಸ್ಟೆರಾಯ್ಡ್ ಸ್ಪ್ರೇ ಬರೆದುಕೊಡುತ್ತಾರೆ. ಸ್ಟೆರಾಯ್ಡ್ ಅಂದ ತಕ್ಷಣ ನನಗೂ ಭಯವಾಗಿತ್ತು. ಮೂಗಿನ ಒಳಗೇ ಕೆಲಸ ಮಾಡುವ ಪ್ರಮಾಣ ಅದು, ಮೈಗೆ ಸೇರುವುದು ತೀರಾ ಕಡಿಮೆ. ಇದು ಎರಡು ನಿಮಿಷದಲ್ಲಿ ಏನೂ ಮಾಡುವುದಿಲ್ಲ. ದಿನಾ ತಪ್ಪದೆ ನಾಲ್ಕರಿಂದ ಆರು ವಾರ ಹಾಕಿದ ಮೇಲೆ ಗುಣ ಕಾಣುತ್ತದಾ ಇಲ್ಲವಾ ಅಂತ ಹೇಳಬಹುದು.

ಹಾಕುವ ರೀತಿ ತಪ್ಪಾದರೆ ಪ್ರಯೋಜನ ಇಲ್ಲ. ತಲೆ ಸ್ವಲ್ಪ ಮುಂದಕ್ಕೆ ಬಗ್ಗಿಸಬೇಕು. ಎಡ ಹೊಳ್ಳೆಗೆ ಬಲಗೈಯಿಂದ, ಬಲ ಹೊಳ್ಳೆಗೆ ಎಡಗೈಯಿಂದ ಹಾಕಬೇಕು. ಆಗ ತುದಿ ತಾನಾಗೇ ಹೊರಗಡೆಗೆ, ಕಿವಿಯ ಕಡೆಗೆ ತಿರುಗುತ್ತದೆ. ನಡುಗೋಡೆಗೇ ಹೊಡೆದರೆ ಅಲ್ಲಿ ಒಣಗಿ ರಕ್ತ ಬರುತ್ತದೆ. ಒತ್ತಿದ ಮೇಲೆ ಜೋರಾಗಿ ಎಳೆದುಕೊಳ್ಳಬಾರದು, ಔಷಧಿಯೆಲ್ಲ ಗಂಟಲಿಗೆ ಹೋಗುತ್ತದೆ.

ಜೊತೆಗೆ ಉಪ್ಪುನೀರಿನಲ್ಲಿ ಮೂಗು ತೊಳೆಯುವುದು. ಪುಡಿಯ ಪೊಟ್ಟಣ ಮತ್ತು ಬಾಟಲಿ ಮೆಡಿಕಲ್ ಶಾಪಿನಲ್ಲೇ ಸಿಗುತ್ತದೆ. ನೀರು ಮಾತ್ರ ಕುದಿಸಿ ಆರಿಸಿದ್ದೇ ಆಗಬೇಕು. ನಲ್ಲಿ ನೀರು, ಬೋರ್‌ವೆಲ್ ನೀರು ನೇರವಾಗಿ ಬೇಡವೇ ಬೇಡ. ಕೇರಳದಲ್ಲಿ 2024 ಮತ್ತು 2025ರಲ್ಲಿ ಮೆದುಳು ತಿನ್ನುವ ಅಮೀಬಾ ಸುದ್ದಿ ಓದಿದ್ದೀರಲ್ಲ, ಆ ಜೀವಿ ಮೈಯೊಳಗೆ ಹೋಗುವುದು ಮೂಗಿನಿಂದಲೇ.

ದಿಂಬಿನ ಕವರ್ ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ. ಸೊಳ್ಳೆ ಬತ್ತಿ, ಸಾಂಬ್ರಾಣಿ ಹೊಗೆ ಮಗು ಮಲಗುವ ಕೋಣೆಯಲ್ಲಿ ಬೇಡ. ಮನೆ ಸುತ್ತ ಪಾರ್ಥೇನಿಯಂ ಇದ್ದರೆ ಹೂ ಬಿಡುವ ಮೊದಲೇ ಕೀಳಿಸಿ. ಆರು ವಾರದ ನಂತರ ಮಗುವಿಗೆ ಆರಾಮ ಅನಿಸಿದರೆ, ಗೋಡೆ ಸೊಟ್ಟ ಇದ್ದರೂ ಆಪರೇಷನ್ ಮರೆತುಬಿಡಿ.

ಹೆಜ್ಜೆ 3: ವಯಸ್ಸಿನ ಲೆಕ್ಕ

‘ಇಷ್ಟು ಬೇಗ ಮಾಡಿಸಬೇಡಿ’ ಅಂತ ಒಬ್ಬರು, ‘ಕಾಯುವುದು ಯಾಕೆ’ ಅಂತ ಇನ್ನೊಬ್ಬರು. ಇಬ್ಬರ ಮಾತಿಗೂ ಕಾರಣ ಇದೆ.

ನಡುಗೋಡೆಯ ಮೆತ್ತಗಿನ ಎಲುಬು ಮೂಗು ಬೆಳೆಯಲು ಬೇಕಾದ ಜಾಗ. 1902ರಲ್ಲಿ ಫ್ರಿಯರ್, 1904ರಲ್ಲಿ ಕಿಲಿಯನ್ ಅನ್ನುವ ಡಾಕ್ಟರುಗಳು ವಿವರಿಸಿದ ಹಳೆಯ ವಿಧಾನದಲ್ಲಿ ಈ ಎಲುಬನ್ನು ದೊಡ್ಡ ಭಾಗವಾಗಿಯೇ ತೆಗೆಯುತ್ತಿದ್ದರು. ಬೆಳೆಯುವ ಮಕ್ಕಳಲ್ಲಿ ಹಾಗೆ ಮಾಡಿದರೆ ಮೂಗು ಬೆಳೆಯದೆ ಚಪ್ಪಟೆ ಆಗುವ ಭಯ. ಈಗ ಮಾಡುವ ಆಪರೇಷನ್ ಹೆಸರು ಸೆಪ್ಟೋಪ್ಲಾಸ್ಟಿ, ಅದರಲ್ಲಿ ಆದಷ್ಟು ಉಳಿಸಿಕೊಂಡು, ಬಾಗಿದ ಭಾಗವನ್ನಷ್ಟೇ ನೇರ ಮಾಡುತ್ತಾರೆ. ಮೂಗಿನ ಮೇಲ್ಭಾಗ ಮತ್ತು ಮುಂಭಾಗದಲ್ಲಿ ಸುಮಾರು 1 ಸೆಂಟಿಮೀಟರ್ ಅಗಲದ ಪಟ್ಟಿಯನ್ನು ಮುಟ್ಟದೆ ಬಿಡುತ್ತಾರೆ. ಮೂಗು ನಿಂತಿರುವುದೇ ಆ ಪಟ್ಟಿಯ ಆಧಾರದ ಮೇಲೆ.

ಹುಡುಗಿಯರ ಮೂಗಿನ ಬೆಳವಣಿಗೆ ಸುಮಾರು 15–16ಕ್ಕೆ, ಹುಡುಗರದ್ದು 17–18ರ ಹೊತ್ತಿಗೆ ಹೆಚ್ಚುಕಡಿಮೆ ಮುಗಿಯುತ್ತದೆ. ತೊಂದರೆ ಸಹಿಸುವ ಮಟ್ಟಿಗೆ ಇದ್ದರೆ ಅಲ್ಲಿಯವರೆಗೆ ಸ್ಪ್ರೇ, ಉಪ್ಪುನೀರಿನಲ್ಲಿ ದಿನ ದೂಡಬಹುದು. ನಿದ್ದೆಯೇ ಹಾಳಾಗಿದೆ, ಪದೇ ಪದೇ ಸೈನಸ್ ಸೋಂಕು ಆಗುತ್ತಿದೆ, ಮೂಗಿನಲ್ಲಿ ಉಸಿರೇ ಆಡುತ್ತಿಲ್ಲ ಅಂದರೆ ಬೇಗ ಮಾಡುವುದೂ ಉಂಟು. ನಮ್ಮ ಮಗನಿಗೆ 16ಕ್ಕೇ ಮಾಡಿಸಿದ್ದು ನಿದ್ದೆಯ ಕಾರಣಕ್ಕೆ. ಅವನ ಎತ್ತರ ವರ್ಷದಿಂದ ಹೆಚ್ಚೇನೂ ಬದಲಾಗಿರಲಿಲ್ಲ. ಅದನ್ನೂ ಡಾಕ್ಟರ್ ಕೇಳಿದ್ದರು.

ಹೆಜ್ಜೆ 4: ಡಾಕ್ಟರ ಹತ್ತಿರ ಏನು ಕೇಳಬೇಕು

ಟಾರ್ಚಿನಲ್ಲಿ ನೋಡಿ ಯಾರೂ ಆಪರೇಷನ್ ನಿರ್ಧಾರ ಮಾಡಬಾರದು. ಸಣ್ಣ ಕ್ಯಾಮೆರಾ ಇರುವ ಎಂಡೋಸ್ಕೋಪಿ ಓಪಿಡಿಯಲ್ಲೇ ಐದು ನಿಮಿಷದಲ್ಲಿ ಆಗುತ್ತದೆ. ಗೋಡೆಯ ಹಿಂಭಾಗ, ಅಡಿನಾಯ್ಡ್ (ಮೂಗಿನ ಹಿಂದೆ ಇರುವ ಟಾನ್ಸಿಲ್ ಥರದ ಗಡ್ಡೆ), ಪಾಲಿಪ್ (ಮೂಗಿನೊಳಗೆ ಬೆಳೆಯುವ ಮೆತ್ತನೆ ಗಂಟು) ಎಲ್ಲ ಕಾಣುವುದು ಅದರಲ್ಲೇ. ಸೈನಸ್ ತೊಂದರೆಯ ಅನುಮಾನ ಇದ್ದರೆ ಸಿಟಿ ಸ್ಕ್ಯಾನ್ ಹೇಳುತ್ತಾರೆ. ಹಠ ಮಾಡಿಯಾದರೂ ಎರಡನೇ ಡಾಕ್ಟರ ಅಭಿಪ್ರಾಯ ಕೇಳಿ. ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲೂ, ಬೆಂಗಳೂರಿನ ವಿಕ್ಟೋರಿಯಾ, ಮೈಸೂರಿನ ಕೆ.ಆರ್. ಆಸ್ಪತ್ರೆ, ಹುಬ್ಬಳ್ಳಿಯ ಕೆಎಂಸಿಆರ್‌ಐ (ಮೊದಲಿನ ಕಿಮ್ಸ್) ಥರದ ಕಡೆ, ಇಎನ್‌ಟಿ ವಿಭಾಗ ಇದೆ.

ನಾನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೇಳಿದ ಪ್ರಶ್ನೆಗಳು ಇವು. ಗೋಡೆ ಮಾತ್ರ ಸರಿ ಮಾಡುತ್ತೀರಾ, ಊದಿದ ಟರ್ಬಿನೇಟ್ (ಹೊಳ್ಳೆಯ ಒಳಬದಿಯ ಉಬ್ಬು) ಕೂಡ ಕಡಿಮೆ ಮಾಡುತ್ತೀರಾ? ಮೂಗಿನೊಳಗೆ ಬಟ್ಟೆ ಅಥವಾ ಸ್ಪಂಜು ತುಂಬುತ್ತೀರಾ, ಸಿಲಿಕಾನ್ ಪಟ್ಟಿ ಇಡುತ್ತೀರಾ, ಹೊಲಿಗೆಯಲ್ಲೇ ಮುಗಿಸುತ್ತೀರಾ? ಈ ವಯಸ್ಸಿನ ಮಕ್ಕಳಿಗೆ ಎಷ್ಟು ಮಾಡಿದ್ದೀರಿ? ಗೊರಕೆ ಪೂರ್ತಿ ಹೋಗುತ್ತದಾ? ಕೊನೆಯದಕ್ಕೆ ನಮ್ಮ ಡಾಕ್ಟರ್ ‘ಹೋಗಬಹುದು, ಆದರೆ ಮಾತು ಕೊಡಲ್ಲ’ ಅಂದರು. ಆ ಉತ್ತರ ಕೇಳಿಯೇ ನಮಗೆ ಅವರ ಮೇಲೆ ನಂಬಿಕೆ ಬಂದಿದ್ದು.

ಅಪಾಯಗಳನ್ನೂ ಬಾಯಿಬಿಟ್ಟು ಕೇಳಿ. ರಕ್ತಸ್ರಾವ, ಸೋಂಕು, ಗೋಡೆಯಲ್ಲಿ ತೂತು ಬೀಳುವುದು, ಮೇಲಿನ ಮುಂದಿನ ಹಲ್ಲುಗಳ ಹತ್ತಿರ ಕೆಲವು ವಾರ ಜೋಮು, ವಾಸನೆ ಕಡಿಮೆ ಆಗುವುದು, ಒಳಗೆ ಅಂಟಿಕೊಳ್ಳುವುದು, ಮತ್ತೆ ಸ್ವಲ್ಪ ಬಾಗುವುದು. ದೊಡ್ಡ ತೊಂದರೆಗಳು ಅಪರೂಪ. ಬೆಳೆಯುವ ವಯಸ್ಸಿನಲ್ಲಿ ಮತ್ತೆ ಬಾಗಿ ಎರಡನೇ ಸಲ ಮಾಡಬೇಕಾಗಿ ಬರಬಹುದು ಅನ್ನುವುದು ಗೊತ್ತಿರಲಿ.

ಮಗುವನ್ನು ಪಕ್ಕಕ್ಕೆ ಕೂರಿಸಿ ನಾವೇ ಮಾತಾಡುವುದು ಬೇಡ. ಸಹಿ ನಮ್ಮದು, ಮೂಗು ಅವರದು. ಸ್ವಲ್ಪ ಹೊತ್ತು ಡಾಕ್ಟರ ಜೊತೆ ಅವರನ್ನೇ ಬಿಡಿ. ಸಿಗರೇಟು, ವೇಪ್ ಬಗ್ಗೆ ನಮ್ಮೆದುರು ಹೇಳದೇ ಇರುವುದನ್ನು ಅಲ್ಲಿ ಹೇಳುತ್ತಾರೆ. ಗಾಯ ಮಾಯಲಿಕ್ಕೂ ಅರಿವಳಿಕೆಗೂ ಅದು ಮುಖ್ಯ. ಮೂಗು ಹೊರಗಿನಿಂದ ಚೆಂದ ಆಗುತ್ತದೆ ಅಂತ ಅವರು ಅಂದುಕೊಂಡಿದ್ದರೆ, ಅದು ಈ ಆಪರೇಷನ್‌ನಲ್ಲಿ ಆಗುವುದಿಲ್ಲ ಅಂತ ಡಾಕ್ಟರ ಬಾಯಿಂದಲೇ ಹೇಳಿಸಿ.

ಹೆಜ್ಜೆ 5: ದುಡ್ಡು ಮತ್ತು ದಿನ

ಆರೋಗ್ಯ ವಿಮೆ ಇದ್ದರೆ ಪಾಲಿಸಿಯ ಪುಟ ತೆಗೆದು ‘ಕಾಯುವ ಅವಧಿ’ ನೋಡಿ. ಬಹಳಷ್ಟು ಪಾಲಿಸಿಗಳಲ್ಲಿ ಮೂಗು, ಕಿವಿ, ಟಾನ್ಸಿಲ್ ಆಪರೇಷನ್‌ಗಳಿಗೆ ಮೊದಲ 24 ತಿಂಗಳು ಹಣ ಕೊಡುವುದಿಲ್ಲ. ಮೂಗಿನ ಆಕಾರ ಬದಲಿಸುವ ಆಪರೇಷನ್‌ಗಂತೂ ಸಾಮಾನ್ಯವಾಗಿ ಕೊಡುವುದೇ ಇಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿನ ಆರೋಗ್ಯ ಮಿತ್ರರನ್ನು (ಈ ಯೋಜನೆಗೆ ಸಹಾಯ ಮಾಡುವ ಸಿಬ್ಬಂದಿ) ಕೇಳಿ.

ದಿನ ಆರಿಸುವಾಗ ಪರೀಕ್ಷೆಗೆ ಕನಿಷ್ಠ ಒಂದು ತಿಂಗಳು ಅಂತರ ಇರಲಿ. ಬೇಸಿಗೆ ರಜೆ ಉದ್ದ ಇದೆ, ಆದರೆ ಒಣ ಸೆಕೆಯಲ್ಲಿ ಮೂಗಿನೊಳಗೆ ಹಕ್ಕಳೆ ಜಾಸ್ತಿ ಕಟ್ಟುತ್ತದೆ. ನಾವು ದಸರಾ ರಜೆ ಆರಿಸಿದೆವು. ಅದರಲ್ಲೂ ಒಂದು ತೊಡಕು ಇತ್ತು. ಮೂರು ವಾರಕ್ಕೆ ದೀಪಾವಳಿ ಬಂತು, ಪಟಾಕಿ ಹೊಗೆ. ಆ ಮೂರು ದಿನ ಅವನು ಕಿಟಕಿ ಮುಚ್ಚಿಕೊಂಡು ಒಳಗೇ ಇದ್ದ.

ಹೆಜ್ಜೆ 6: ಹಿಂದಿನ ವಾರ

ರಕ್ತ, ಮೂತ್ರ, ಇಸಿಜಿ, ಎಕ್ಸ್‌ರೇ ಮಾಡಿಸಿ, ಅರಿವಳಿಕೆ ಡಾಕ್ಟರ್ ಒಮ್ಮೆ ನೋಡುತ್ತಾರೆ. ಮನೆಯಲ್ಲಿ ಯಾರಿಗಾದರೂ ರಕ್ತ ಬೇಗ ನಿಲ್ಲದ ತೊಂದರೆ, ಅರಿವಳಿಕೆಯಲ್ಲಿ ತೊಂದರೆ ಆಗಿದ್ದರೆ ಹೇಳಿ. ಆಸ್ತಮಾ, ಹಲ್ಲಿನ ಕ್ಲಿಪ್, ಅಲ್ಲಾಡುವ ಹಲ್ಲು, ಕಷಾಯ, ನಾಟಿ ಔಷಧಿ, ಎಲ್ಲವನ್ನೂ ಹೇಳಿ. ಆಸ್ಪಿರಿನ್, ಐಬುಪ್ರೊಫೆನ್ ಥರದ ಮಾತ್ರೆ ಅವರು ಹೇಳಿದ ದಿನದಿಂದ ಬಂದ್. ನೆಗಡಿ, ಜ್ವರ ಬಂದರೆ ಮುಚ್ಚಿಡಬೇಡಿ, ದಿನ ಮುಂದೆ ಹಾಕುವುದೇ ಒಳ್ಳೆಯದು.

ಈ ವಾರದ ದೊಡ್ಡ ಕೆಲಸ ಬೇರೆ ಇದೆ. ಆಪರೇಷನ್ ಮುಗಿದು ಎಚ್ಚರ ಆದಾಗ ಎರಡೂ ಹೊಳ್ಳೆ ಕಟ್ಟಿರುತ್ತದೆ. ಇದು ಗೊತ್ತಿಲ್ಲದ ಮಗು ಉಸಿರು ಕಟ್ಟಿತು ಅಂತ ಗಾಬರಿ ಆಗುತ್ತದೆ. ನಾವು ದಿನಾ ರಾತ್ರಿ ಹತ್ತು ನಿಮಿಷ ಅಭ್ಯಾಸ ಮಾಡಿದೆವು. ಮೂಗು ಹಿಡಿದುಕೊಂಡು ಬಾಯಲ್ಲಿ ನಿಧಾನ ಉಸಿರಾಡುವುದು, ಹಾಗೇ ನೀರು ಗುಟುಕರಿಸುವುದು, ಹಾಗೇ ಮಾತಾಡುವುದು. ಆಪರೇಷನ್ ಆದ ಸಂಜೆ ಅವನು ಕಣ್ಣು ಬಿಟ್ಟವನೇ ಬೆರಳೆತ್ತಿ ‘ಗೊತ್ತಮ್ಮ, ಬಾಯಿ’ ಅಂತ ಸನ್ನೆ ಮಾಡಿದ. ನನಗೆ ಎಷ್ಟು ಸಮಾಧಾನ ಆಯಿತು ಅಂದರೆ ಹೇಳಲಾರೆ.

ಹೆಜ್ಜೆ 7: ಆ ದಿನ

ಗಟ್ಟಿ ಊಟ ನಿಲ್ಲಿಸಿ ಕನಿಷ್ಠ 6 ಗಂಟೆ, ಬರೀ ನೀರಾದರೆ 2 ಗಂಟೆ ಆಗಿರಬೇಕು. ನಿಮ್ಮ ಆಸ್ಪತ್ರೆ ಹೇಳಿದ ಹೊತ್ತನ್ನೇ ಪಾಲಿಸಿ. ಮಕ್ಕಳಿಗೆ ಸಾಮಾನ್ಯವಾಗಿ ಪೂರ್ತಿ ಅರಿವಳಿಕೆ ಕೊಡುತ್ತಾರೆ. ಕೊಯ್ಯುವುದು ಮೂಗಿನ ಒಳಗೇ, ಮುಖದ ಮೇಲೆ ಗುರುತು ಉಳಿಯುವುದಿಲ್ಲ. ಎಚ್ಚರ ಆಗುವಾಗ ಕೆಲವು ಮಕ್ಕಳು ಅಳುತ್ತಾರೆ, ಒದ್ದಾಡುತ್ತಾರೆ, ಅರ್ಧ ಗಂಟೆಯಲ್ಲಿ ಸರಿಹೋಗುತ್ತದೆ. ನುಂಗಿದ ರಕ್ತ ಕಪ್ಪಾಗಿ ವಾಂತಿ ಆಗಬಹುದು, ಒಂದೆರಡು ಸಲಕ್ಕೆ ಹೆದರಬೇಡಿ.

ಹೆಜ್ಜೆ 8: ಮನೆಯಲ್ಲಿ ಮೂರು ವಾರ

ಮೊದಲ ಮೂರು ದಿನ ಕಷ್ಟ. ನೋವಿಗಿಂತ ಕಟ್ಟಿದ ಮೂಗಿನ ಹಿಂಸೆಯೇ ಜಾಸ್ತಿ. ಎರಡು ಮೂರು ದಿಂಬು ಕೊಟ್ಟು ತಲೆ ಎತ್ತರದಲ್ಲಿ ಮಲಗಿಸಿ. ಮೂಗಿನ ಕೆಳಗೆ ಕಟ್ಟಿದ ಹತ್ತಿಬಟ್ಟೆ ಕೆಂಪಗೆ ನೆನೆಯುತ್ತದೆ, ಬದಲಿಸುತ್ತಾ ಇರಿ. ತುಟಿಗೆ ತುಪ್ಪ ಸವರಿ, ಹಾಸಿಗೆ ಪಕ್ಕ ನೀರು ಇಡಿ. ನೋವಿಗೆ ಡಾಕ್ಟರ್ ಹೇಳಿದ ಪ್ಯಾರಾಸಿಟಮಾಲ್ ಸಾಕಾಗುತ್ತದೆ. ಮೂಗಿನೊಳಗೆ ತುಂಬಿದ ಬಟ್ಟೆ ಅಥವಾ ಸ್ಪಂಜು, ಅಂದರೆ ಪ್ಯಾಕ್ ಇದ್ದರೆ ಒಂದೆರಡು ದಿನದಲ್ಲಿ ತೆಗೆಯುತ್ತಾರೆ, ಸಿಲಿಕಾನ್ ಪಟ್ಟಿ ಇದ್ದರೆ ಸುಮಾರು ಒಂದು ವಾರಕ್ಕೆ. ತೆಗೆಯುವ ಅರ್ಧ ನಿಮಿಷ ಹಿಂಸೆ. ಆಮೇಲೆ ಬರುವ ಮೊದಲ ಉಸಿರು ಆ ಹಿಂಸೆಯನ್ನೆಲ್ಲ ಮರೆಸುತ್ತದೆ.

ಊಟ ಮೆತ್ತಗೆ, ಉಗುರು ಬೆಚ್ಚಗೆ. ರವೆ ಗಂಜಿ, ಮೊಸರನ್ನ, ಆರಿದ ರಾಗಿ ಅಂಬಲಿ, ಹಾಲಲ್ಲಿ ನೆನೆಸಿದ ಇಡ್ಲಿ. ಬಿಸಿ ಬಿಸಿ ಸಾರು, ಖಾರ ಬೇಡ. ಮುಖ್ಯವಾಗಿ, ಮನೆಯಲ್ಲಿ ಎರಡು ವಾರ ಒಣಮೆಣಸಿನಕಾಯಿ ಒಗ್ಗರಣೆ ಹಾಕಬೇಡಿ. ಆ ಘಾಟಿಗೆ ಒಂದು ಸೀನು ಬಂದರೆ ಸಾಕು, ರಕ್ತ ಶುರು. ಸೀನು ಬಂದೇ ಬಂದರೆ ಬಾಯಿ ದೊಡ್ಡದಾಗಿ ತೆರೆದು ಸೀನಬೇಕು, ಒಳಗೇ ತಡೆಯಬಾರದು. ಎರಡು ವಾರ ಮೂಗು ಸೀಂಟಬಾರದು, ಬೆರಳು ಹಾಕಬಾರದು, ಬಗ್ಗಿ ಭಾರ ಎತ್ತಬಾರದು. ಎಣ್ಣೆ ಸ್ನಾನ, ತೀರಾ ಬಿಸಿನೀರು, ಹಬೆ ತೆಗೆದುಕೊಳ್ಳುವುದು ಎಲ್ಲ ಮುಂದಕ್ಕೆ ಹಾಕಿ.

ನಮ್ಮ ಅತ್ತೆ ‘ಎರಡು ಹನಿ ಕೊಬ್ಬರಿ ಎಣ್ಣೆ ಬಿಟ್ಟರೆ ಸಲೀಸಾಗತ್ತೆ ಕಣಮ್ಮ’ ಅಂತ ಪ್ರೀತಿಯಿಂದಲೇ ಹೇಳಿದರು. ಡಾಕ್ಟರನ್ನು ಫೋನಿನಲ್ಲಿ ಕೇಳಿದೆವು, ಬೇಡ ಅಂದರು. ಎಣ್ಣೆ ಉಸಿರಿನ ಜೊತೆ ಶ್ವಾಸಕೋಶಕ್ಕೆ ಇಳಿಯಬಹುದು. ಅತ್ತೆಯವರ ಕೈಗೆ ಉಪ್ಪುನೀರಿನ ಬಾಟಲಿಯ ಜವಾಬ್ದಾರಿ ಕೊಟ್ಟೆ. ಬೆಳಿಗ್ಗೆ, ಸಂಜೆ ನೀರು ಕುದಿಸಿ ಆರಿಸಿ ಅವರೇ ತಯಾರು ಮಾಡುತ್ತಿದ್ದರು. ತೊಳೆಯುವುದು ಯಾವತ್ತಿನಿಂದ ಅಂತ ಡಾಕ್ಟರ್ ಹೇಳುತ್ತಾರೆ, ಅಂದಿನಿಂದ ಒಂದು ಹೊತ್ತೂ ತಪ್ಪಿಸಬೇಡಿ. ಹಕ್ಕಳೆ ತೆಗೆಸಲು ಕರೆದ ದಿನ ಹೋಗದೆ ಇದ್ದರೆ ಒಳಗೆ ಅಂಟಿಕೊಳ್ಳುತ್ತದೆ.

ಹೀಗಾದರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ: ಕೆಂಪು ರಕ್ತ 15 ನಿಮಿಷ ಆದರೂ ನಿಲ್ಲದಿದ್ದರೆ, 101 ಡಿಗ್ರಿಗಿಂತ ಹೆಚ್ಚು ಜ್ವರ ಬಂದರೆ, ಮೂಗಿನ ಮೇಲೆ ಊತ ನೋವು ಏರುತ್ತಾ ಹೋದರೆ, ಪ್ಯಾಕ್ ಜಾರಿ ಗಂಟಲಿಗೆ ಬಂದರೆ, ತಿಳಿನೀರು ಮೂಗಿನಿಂದ ತೊಟ್ಟಿಕ್ಕಿದರೆ, ಕಣ್ಣು ಮಂಜಾದರೆ, ಕುತ್ತಿಗೆ ಬಿಗಿದು ತಲೆನೋವು ಬಂದರೆ, ಜ್ವರದ ಜೊತೆ ಮೈಮೇಲೆ ಕೆಂಪು ಗಂಧೆ ಎದ್ದರೆ.

ಸಾಮಾನ್ಯವಾಗಿ ಒಂದರಿಂದ ಎರಡು ವಾರಕ್ಕೆ ಕಾಲೇಜಿಗೆ ಕಳಿಸಬಹುದು. ಬೈಕಿನಲ್ಲಿ ಅಲ್ಲ, ಧೂಳಿಗೆ ಮಾಸ್ಕ್ ಹಾಕಿ ಬಸ್ಸಿನಲ್ಲಿ. ಓಟ, ಜಿಮ್ ಮೂರು ನಾಲ್ಕು ವಾರ ಬೇಡ. ಕ್ರಿಕೆಟ್, ಕಬಡ್ಡಿ, ಈಜು ಆರು ವಾರ ಆದಮೇಲೆ, ಅದೂ ಡಾಕ್ಟರನ್ನು ಕೇಳಿಕೊಂಡು.

ಹೆಜ್ಜೆ 9: ಮೂರನೇ ತಿಂಗಳು

ಮೂರನೇ ವಾರ ಮಗ ‘ಅಮ್ಮ, ಮೊದಲಿನ ಹಾಗೇ ಕಟ್ಟಿದೆ, ಸುಮ್ನೆ ಮಾಡಿಸಿದ್ವಿ’ ಅಂತ ಬೇಜಾರು ಮಾಡಿಕೊಂಡ. ಒಳಗಿನ ಊತ ಇಳಿಯಲು ಎರಡು ಮೂರು ತಿಂಗಳು ಬೇಕು, ಗೋಡೆ ಪೂರ್ತಿ ಗಟ್ಟಿಯಾಗಲು ಇನ್ನೂ ಜಾಸ್ತಿ. ಮೂರನೇ ತಿಂಗಳಲ್ಲಿ ಮತ್ತೆ ಸ್ಟೀಲ್ ತಟ್ಟೆ ಹಿಡಿದೆವು. ಎರಡು ಮಂಜಿನ ವೃತ್ತ ಹೆಚ್ಚುಕಡಿಮೆ ಒಂದೇ ಅಳತೆ ಬಂತು. ಬಾಯಲ್ಲಿ ಉಸಿರಾಡುವ ಅಭ್ಯಾಸ ಮಾತ್ರ ತಾನಾಗಿ ಹೋಗಲಿಲ್ಲ. ಓದುವಾಗ ಬಾಯಿ ತೆರೆದಿದ್ದರೆ ತಂಗಿ ಬಂದು ಭುಜ ತಟ್ಟುತ್ತಿದ್ದಳು, ಒಂದೆರಡು ತಿಂಗಳು ಹಾಗೇ ನಡೆಯಿತು.

ಅಲರ್ಜಿ ಇರುವ ಮಕ್ಕಳಿಗೆ ಸ್ಪ್ರೇ ಇನ್ನೂ ಬೇಕಾಗುತ್ತದೆ. ಆಪರೇಷನ್ ಗೋಡೆಯನ್ನು ನೇರ ಮಾಡುತ್ತದೆ, ಅಲರ್ಜಿಯನ್ನು ತೆಗೆಯುವುದಿಲ್ಲ. ನಮ್ಮ ಮನೆಯಲ್ಲಿ ಈಗಲೂ ಮಳೆ ನಿಂತು ಪಾರ್ಥೇನಿಯಂ ಹೂ ಬಿಡುವ ಹೊತ್ತಿಗೆ ಸ್ಪ್ರೇ ಬಾಟಲಿ ಹಲ್ಲುಜ್ಜುವ ಬ್ರಷ್ ಪಕ್ಕಕ್ಕೆ ಬರುತ್ತದೆ. ಎಡ ಹೊಳ್ಳೆಗೆ ಬಲಗೈ, ಬಲ ಹೊಳ್ಳೆಗೆ ಎಡಗೈ. ಅದನ್ನು ಈಗ ಅವನೇ ತಂಗಿಗೂ ಹೇಳಿಕೊಡುತ್ತಾನೆ.